ಮಾಳಿಗೆ ಮನಿ, ಸರ್ಕಾರದ ನಕಾಶೆ

ನಮ್ಮ ಕೃಷ್ಣೆ, ಘಟಪ್ರಭೆ ದಂಡೆಯ ಹಳೆ ಮನೆಗಳಿಗೆ ಯಾರೂ ಕಾಗದದ ಮೇಲೆ ನಕಾಶೆ ಬರೆಯಲಿಲ್ಲ. ಮನೆಯವರು, ಬಡಿಗೇರರು ಕಟ್ಟೆ ಮೇಲೆ ಕೂತು ಮಾತಾಡಿಯೇ ತೀರ್ಮಾನಿಸುತ್ತಿದ್ದರು. ದಪ್ಪ ಗೋಡೆ, ಜಂತಿ ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ತಲಬಾಗಿಲು ದಾಟಿದರೆ ದನ, ತುಸು ಎತ್ತರದಲ್ಲಿ ಪಡಸಾಲಿ, ಜೋಳಕ್ಕೆ ನೆಲದೊಳಗೆ ಹಗೇವು. ರಬಕವಿ-ಬನಹಟ್ಟಿಯ ನೇಕಾರರಿಗೆ ಕುಣಿಮಗ್ಗದ ಜಾಗ ಮೊದಲು, ಉಳಿದದ್ದು ಆಮೇಲೆ. ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಕೆಳಗೆ ಮಲಗಿದವರಿಗೆ ಫ್ಯಾನಿನ ನೆನಪು ಬರುವುದು ಕಡಿಮೆ.

ಆಲಮಟ್ಟಿ ಹಿನ್ನೀರು 519.60 ಮೀಟರಿಗೆ ಏರಿದಾಗ ಬೀಳಗಿ ತಾಲ್ಲೂಕಿನ ಎಷ್ಟೋ ಊರು ಮುಳುಗಿದವು. ಪುನರ್ವಸತಿ ಕೇಂದ್ರದಲ್ಲಿ ಸಿಕ್ಕಿದ್ದು ಸಾಲು ನಿವೇಶನ, ನೇರ ರಸ್ತೆ. ಜಂತಿ, ಬಾಗಿಲು ಕಿತ್ತು ಒಯ್ದವರಿದ್ದಾರೆ. ಮಾಳಿಗೆಯ ಮಣ್ಣು ಯಾರು ಒಯ್ಯುತ್ತಾರೆ? ನಿವೇಶನದಲ್ಲಿ ಎತ್ತಿಗೆ ಜಾಗವಿಲ್ಲದೆ ರಸ್ತೆ ಬದಿಗೆ ಗೂಟ ಬಡಿದರೆ ಅದನ್ನು ಅತಿಕ್ರಮಣ ಎನ್ನುವುದನ್ನು ನಾವಂತೂ ಒಪ್ಪುವುದಿಲ್ಲ.

2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಹಾಗಾದರೆ ಜಮಖಂಡಿ, ಬೀಳಗಿ, ಮುಧೋಳ ಕಡೆ ಇನ್ನಷ್ಟು ಮನೆಗಳಿಗೆ ಟೇಪು ಬೀಳಲಿದೆ. ಅಳೆಯಲು ಬಂದವರಿಗೆ ಹಗೇವು, ದನದ ಜಾಗ, ಮಗ್ಗದ ಕುಣಿ ತೋರಿಸಿ ಬರೆಸಿರಿ. ಹೊಸ ಊರಿನ ನಕಾಶೆಯನ್ನು ಗ್ರಾಮಸಭೆಗೆ ತರಿಸಿ, ಎತ್ತು ಎಲ್ಲಿ ಕಟ್ಟುವುದೆಂದು ಮೊದಲೇ ಕೇಳಿರಿ.