ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲ್ಲಿಂದ ಬಂತು?

ಕುಂಡದ ಚರಿತ್ರೆ, ಭಾಗ 4

ಕತ್ತಿ ಥರ ನೆಟ್ಟಗೆ ನಿಂತ ದಪ್ಪ ಎಲೆ, ಎರಡೂ ಅಂಚಿಗೆ ಹಳದಿ ಪಟ್ಟಿ. ಜಗಲಿ ಮೇಲೋ ಅಂಗಡಿ ಬಾಗಿಲಲ್ಲೋ ಈ ಸ್ನೇಕ್ ಪ್ಲಾಂಟನ್ನ ನೀವು ನೋಡೇ ಇರ್ತೀರ. ಇದರ ಒಂದು ಎಲೆ ತುಂಡು ಮಾಡಿ ಮಣ್ಣಿಗೆ ನೆಟ್ಟು ನೋಡಿ. ಬೇರು ಬರುತ್ತೆ, ನಿಧಾನಕ್ಕೆ ಮರಿಯೂ ಬರುತ್ತೆ. ಆದ್ರೆ ಆ ಮರಿಗೆ ಹಳದಿ ಅಂಚು ಇರಲ್ಲ, ಬರೀ ಹಸಿರು!

ಯಾಕೆ ಅಂದ್ರೆ, ಈ ಗಿಡದಲ್ಲಿ ಎರಡು ಥರದ ಜೀವಕೋಶಗಳು ಪದರ ಪದರವಾಗಿ ಸೇರಿವೆ. ಒಂದರಲ್ಲಿ ಪತ್ರಹರಿತ್ತು ಇದೆ, ಇನ್ನೊಂದರಲ್ಲಿ ಇಲ್ಲ. ಎಲೆ ತುಂಡಿನಿಂದ ಹುಟ್ಟೋ ಮರಿಗೆ ಆ ಜೋಡಣೆ ದಾಟಲ್ಲ. ನಾವು ಬಾಳೆ ಕಂದು ಕಿತ್ತು ನೆಡ್ತೀವಲ್ಲ, ಹಾಗೆ ಬುಡದ ಮರಿಯನ್ನ ಗೆಡ್ಡೆ ಸಮೇತ ಬೇರ್ಪಡಿಸಿ ನೆಟ್ರೆ ಹಳದಿ ಉಳಿಯುತ್ತೆ. ಅಂದ್ರೆ ನಿಮ್ಮ ಕುಂಡದ ಗಿಡಕ್ಕೆ ಒಂದು ತಾಯಿಗಿಡ, ಅದಕ್ಕೊಂದು ತಾಯಿಗಿಡ, ಹೀಗೆ ಕೈಯಿಂದ ಕೈಗೆ ದಾಟಿ ಬಂದ ಉದ್ದದ ಸರಪಳಿ ಇದೆ.

ಆ ಸರಪಳಿ ಹಿಡ್ಕೊಂಡು ಹಿಂದಕ್ಕೆ ಹೋದ್ರೆ ಸಿಗೋದು ಆಫ್ರಿಕಾ. ತಮಾಷೆ ಅಂದ್ರೆ, ಈ ಜಾತಿಗೆ 'ಟ್ರೈಫ್ಯಾಸಿಯಾಟಾ' ಅನ್ನೋ ಹೆಸರು ಬಿದ್ದದ್ದು ನಮ್ಮ ದೇಶದಲ್ಲಿ. ಆಗ ಕಲ್ಕತ್ತಾ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ಡೇವಿಡ್ ಪ್ರೇನ್ 1903ರಲ್ಲಿ ತಮ್ಮ 'ಬೆಂಗಾಲ್ ಪ್ಲಾಂಟ್ಸ್' ಪುಸ್ತಕದಲ್ಲಿ ಆ ಹೆಸರಿಟ್ರು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಬೆಲ್ಜಿಯಂನ ಸಸ್ಯವಿಜ್ಞಾನಿ ಎಮಿಲ್ ಲೋರಾಂ ಕಾಂಗೋದಲ್ಲಿ ಗಿಡಗಳನ್ನ ಸಂಗ್ರಹಿಸ್ತಿದ್ರು. ಹಳದಿ ಅಂಚಿನ ಈ ತಳಿಗೆ ಅವರ ನೆನಪಲ್ಲೇ 'ಲಾರೆಂಟಿ' ಅಂತ ಹೆಸರಾಯ್ತು.

ಆಗ ಕಾಂಗೋ ಹೇಗಿತ್ತು ಗೊತ್ತಾ? 1885ರಿಂದ 1908ರವರೆಗೆ ಆ ಇಡೀ ದೇಶ ಬೆಲ್ಜಿಯಂ ರಾಜ 2ನೇ ಲಿಯೋಪೋಲ್ಡ್‌ನ ಸ್ವಂತ ಆಸ್ತಿ. ಕಾಡಿಂದ ರಬ್ಬರ್ ತರೋಕೆ ಜನರನ್ನ ಬಲವಂತವಾಗಿ ದುಡಿಸಿದ್ರು. ಹೇಳಿದಷ್ಟು ತರದ ಊರುಗಳ ಮೇಲೆ ಸೈನಿಕರು ನುಗ್ತಿದ್ರು, ಜನರ ಕೈಗಳನ್ನೇ ಕತ್ತರಿಸ್ತಿದ್ರು. ರಬ್ಬರ್, ದಂತ ಹಡಗು ಹತ್ತಿದ ಆ ನೆಲದಿಂದಲೇ ಈ ಚಂದದ ಗಿಡವೂ ಹೊರಟಿದ್ದು. ಗಿಡದ ತಪ್ಪೇನಿಲ್ಲ. ಆದ್ರೆ ಹೆಸರಲ್ಲಿ ಉಳಿದದ್ದು ಲೋರಾಂ ಮಾತ್ರ, ಅಲ್ಲಿನ ಜನ ಯಾರೂ ಇಲ್ಲ.

ಸಾಕೋದು ಸುಲಭ. ಎಲೆಯಲ್ಲೇ ನೀರು ಇಟ್ಕೊಳ್ಳುತ್ತೆ, ಎಲೆಯ ರಂಧ್ರಗಳನ್ನ ಹೆಚ್ಚಾಗಿ ರಾತ್ರಿ ತೆರೆಯುತ್ತೆ, ಹಾಗಾಗಿ ಬಿಸಿಲಿಗೆ ನೀರು ಕಳ್ಕೊಳ್ಳಲ್ಲ. ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಹಾಕಿ. ನಮ್ಮ ಕಂಪಲಾಪುರದ ಕಡೆ ಜಡಿಮಳೆ ಹಿಡಿದಾಗ ಸೂರಿನ ಒಳಗಿಡಿ, ಇಲ್ಲಾಂದ್ರೆ ಬುಡ ಕೊಳೆಯುತ್ತೆ. ಪೂರ್ತಿ ಹಸಿರು ಮರಿ ಬಂದ್ರೆ ಬೇರೆ ಕುಂಡಕ್ಕೆ ಹಾಕಿ.

ಗೆಳೆಯರಿಗೆ ಮರಿ ಕೊಡುವಾಗ ಕಾಂಗೋ ಕಥೆಯನ್ನೂ ಹೇಳಿ ಕೊಡಿ. ಹಳದಿ ಅಂಚು ಹೇಗೋ ಹಾಗೆ, ಇದೂ ಕೈಯಿಂದ ಕೈಗೆ ದಾಟಿದ್ರೇ ಉಳಿಯೋದು.

#ಕುಂಡದಚರಿತ್ರೆ #ಕಂಪಲಾಪುರ