ಎಲ್‌ವಿಎಂ3-ಎಂ2

ಎಲ್‌ವಿಎಂ3-ಎಂ2 ಎಂಬುದು ಬ್ರಿಟನ್ನಿನ ಒನ್‌ವೆಬ್ ಸಂಸ್ಥೆಯ 36 ಸಂವಹನ ಉಪಗ್ರಹಗಳನ್ನು ಭೂಮಿಯ ಕೆಳಕಕ್ಷೆಗೆ ಸೇರಿಸಿದ ಭಾರತೀಯ ವಾಣಿಜ್ಯ ಉಡಾವಣೆ. ಇಸ್ರೋದ ಎಲ್‌ವಿಎಂ3 ರಾಕೆಟ್ 2022ರ ಅಕ್ಟೋಬರ್ 23ರಂದು, ಮಧ್ಯರಾತ್ರಿ 12.07ಕ್ಕೆ, ಆಂಧ್ರಪ್ರದೇಶದ ಶ್ರೀಹರಿಕೋಟಾದಿಂದ ಮೇಲೇರಿತು. ಇದು ಈ ರಾಕೆಟ್‌ನ ಮೊದಲ ವಾಣಿಜ್ಯ ಯಾನವಾಗಿದೆ.

ಹಿನ್ನೆಲೆ

ಒನ್‌ವೆಬ್ ತನ್ನ ಉಪಗ್ರಹಗಳ ಉಡಾವಣೆಗೆ ರಷ್ಯಾದ ಸೊಯುಜ್ ರಾಕೆಟ್‌ಗಳನ್ನು ಅವಲಂಬಿಸಿತ್ತು. ಉಕ್ರೇನ್ ಯುದ್ಧ ಆರಂಭವಾದ ಬಳಿಕ, 2022ರ ಮಾರ್ಚ್‌ನಲ್ಲಿ ಕಜಕಸ್ತಾನದ ಬೈಕನೂರಿನಿಂದ ನಡೆಯಬೇಕಿದ್ದ ಉಡಾವಣೆ ರದ್ದಾಯಿತು. ಅಲ್ಲಿಗೆ ಒಯ್ದಿದ್ದ 36 ಉಪಗ್ರಹಗಳು ಸಂಸ್ಥೆಗೆ ಮರಳಿ ದೊರೆಯಲಿಲ್ಲ. ಅರ್ಧದಲ್ಲಿ ನಿಂತ ಯೋಜನೆಯನ್ನು ಮುಂದುವರಿಸಲು ಒನ್‌ವೆಬ್, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್‌ನೊಂದಿಗೆ ಎರಡು ಉಡಾವಣೆಗಳಿಗೆ ಒಪ್ಪಂದ ಮಾಡಿಕೊಂಡಿತು.

ಉಡಾವಣೆ

43.5 ಮೀಟರ್ ಎತ್ತರದ ಎಲ್‌ವಿಎಂ3 ರಾಕೆಟ್‌ನಲ್ಲಿ ಎರಡು ಘನ ಇಂಧನ ಬೂಸ್ಟರ್‌ಗಳು, ಒಂದು ದ್ರವ ಇಂಧನ ಹಂತ ಹಾಗೂ ಕ್ರಯೋಜೆನಿಕ್ ಮೇಲ್ಹಂತವಿವೆ. ಈ ಯಾನದಲ್ಲಿ ಅದು ಹೊತ್ತ ಒಟ್ಟು ತೂಕ 5,796 ಕಿಲೋಗ್ರಾಂ. ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ಒಂದಕ್ಕೊಂದು ಡಿಕ್ಕಿಯಾಗದಂತೆ, ಕ್ರಯೋಜೆನಿಕ್ ಹಂತವು ದಿಕ್ಕು ಬದಲಿಸುತ್ತ ಅವುಗಳನ್ನು ನಾಲ್ಕು ನಾಲ್ಕರಂತೆ ಬಿಡುಗಡೆ ಮಾಡಿತು. ಮೊದಲು 16 ಉಪಗ್ರಹಗಳು ಬೇರ್ಪಟ್ಟದ್ದು ಖಚಿತವಾಯಿತು. ಉಳಿದ 20ರ ಮಾಹಿತಿ ತಡವಾಗಿ ಬಂದಿತು. ಅನಂತರ ಉಪಗ್ರಹಗಳು ತಮ್ಮದೇ ವಿದ್ಯುತ್ ನೋದಕಗಳಿಂದ ಸುಮಾರು 1,200 ಕಿಲೋಮೀಟರ್ ಎತ್ತರದ ಕಕ್ಷೆಗೆ ಏರುವಂತೆ ಯೋಜಿಸಲಾಗಿತ್ತು.

ಮಹತ್ವ

ಅದುವರೆಗೆ ಇಸ್ರೋದ ವಿದೇಶಿ ಉಡಾವಣೆಗಳು ಬಹುಪಾಲು ಪಿಎಸ್‌ಎಲ್‌ವಿ ಮೂಲಕವೇ ನಡೆಯುತ್ತಿದ್ದವು. ಈ ಯಾನದಿಂದ ಭಾರತದ ಅತಿ ಭಾರದ ರಾಕೆಟ್ ಜಾಗತಿಕ ಮಾರುಕಟ್ಟೆಯನ್ನು ಪ್ರವೇಶಿಸಿತು. 2023ರ ಮಾರ್ಚ್ 26ರಂದು ಎಲ್‌ವಿಎಂ3-ಎಂ3 ಮತ್ತೆ 36 ಉಪಗ್ರಹಗಳನ್ನು ಉಡಾಯಿಸಿ ಒಪ್ಪಂದವನ್ನು ಪೂರ್ಣಗೊಳಿಸಿತು.