ಇಂಗ್ಲಿಷಿನ ಬಹುವಚನವೂ ಹೆಬ್ಬಾಳದ ಕಲ್ಲೂ

ಇಂಗ್ಲಿಷ್ ವ್ಯಾಕರಣವನ್ನು ಕಲಿಯತೊಡಗಿದ ಕನ್ನಡದ ಬಾಲಕರಿಗೆ ಬಹುವಚನವು ಮೊದಲು ಸುಲಭವಾಗಿ ತೋರುವುದು. ಶಬ್ದದ ಕೊನೆಗೆ ಸಕಾರವನ್ನು ಸೇರಿಸಿದರೆ ಸಾಕು. ಆದರೆ ‘ಫುಟ್’ ಎಂಬುದು ‘ಫೀಟ್’ ಎಂದೂ, ‘ಆಕ್ಸ್’ ಎಂಬುದು ‘ಆಕ್ಸನ್’ ಎಂದೂ, ‘ಚೈಲ್ಡ್’ ಎಂಬುದು ‘ಚಿಲ್ಡ್ರನ್’ ಎಂದೂ ಆಗುವಲ್ಲಿ ಅವರು ತಡವರಿಸುವರು. ಇವನ್ನು ಕಾರಣವಿಲ್ಲದ ಅಪವಾದಗಳೆಂದು ಬಾಯಿಪಾಠ ಮಾಡಿಸುವುದು ರೂಢಿ. ಚರಿತ್ರೆಯನ್ನು ನೋಡಿದರೆ ಇವು ಅಪವಾದಗಳಲ್ಲ. ಅಳಿದ ನಿಯಮಗಳ ಅವಶೇಷಗಳು.

ಇಂತಹ ಅವಶೇಷವು ಬೆಂಗಳೂರಿನ ಉತ್ತರಕ್ಕೇ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಆಳ್ವಿಕೆಯದು, ಸುಮಾರು ಕ್ರಿ.ಶ. 750ರದು. ಅದರಲ್ಲಿ ಊರಿನ ಹೆಸರು ‘ಪೆರ್ಬ್ಬೊಳಲ್’, ಎಂದರೆ ದೊಡ್ಡ ಪೊಳಲು, ಹಿರಿಯ ಪಟ್ಟಣ. ಮುಂದಣ ಶತಮಾನಗಳಲ್ಲಿ ಪಕಾರವು ಹಕಾರವಾಯಿತು. ಹೆಸರು ಸವೆದು ಹೆಬ್ಬಾಳವಾಯಿತು. ಈಗಿನ ರೂಪದಲ್ಲಿ ಕಾಣದ ಅರ್ಥವು ಕಲ್ಲನ್ನು ಓದಿದವನಿಗೆ ಕಾಣುವುದು.

ಆ ಕಲ್ಲನ್ನು ಕಡೆದ ಶತಮಾನದಲ್ಲಿಯೇ ಆಂಗ್ಲರ ನಾಡಿನಲ್ಲಿ ಪಾದವೊಂದಕ್ಕೆ ‘ಫೋಟ್’, ಹಲವಕ್ಕೆ ‘ಫೇಟ್’ ಎಂಬ ರೂಪಗಳಿದ್ದವು. ಅದಕ್ಕೂ ಹಿಂದೆ ಬಹುವಚನ ಪ್ರತ್ಯಯದಲ್ಲಿದ್ದ ಇಕಾರವು ಧಾತುವಿನ ಸ್ವರವನ್ನು ತನ್ನತ್ತ ಸೆಳೆದು ಬಳಿಕ ತಾನು ಲೋಪವಾಯಿತು. ಬದಲಾದ ಸ್ವರವೊಂದೇ ಬಹುತ್ವದ ಗುರುತಾಗಿ ಉಳಿಯಿತು. ‘ಟೂತ್–ಟೀತ್’, ‘ಮ್ಯಾನ್–ಮೆನ್’, ‘ಮೌಸ್–ಮೈಸ್’ ಇವು ಅದೇ ಕುಲದವು. ‘ಆಕ್ಸನ್’ ಬೇರೊಂದು ಗಣದ್ದು; ಒಮ್ಮೆ ಕಣ್ಣಿಗೂ ಪಾದರಕ್ಷೆಗೂ ಆ ‘ಅನ್’ ಪ್ರತ್ಯಯವೇ ಸಲ್ಲುತ್ತಿತ್ತು. ಸಕಾರವು ಹಬ್ಬಿ ಅವನ್ನೆಲ್ಲ ನುಂಗಿತು. ನೊಗದ ಎತ್ತು ಮಾತ್ರ ಉಳಿಯಿತು. ‘ಚಿಲ್ಡ್ರನ್’ ಇನ್ನೂ ವಿಚಿತ್ರ. ಹಳೆಯ ‘ಚಿಲ್ಡ್ರು’ ತಾನೇ ಬಹುವಚನ. ಅದನ್ನು ಮರೆತ ಜನರು ಅದರ ಮೇಲೆ ‘ಅನ್’ ಹಚ್ಚಿದರು. ‘ಅವರು’ ಎಂಬುದು ಗೌರವದಿಂದ ಒಬ್ಬರಿಗೂ ಸಂದಮೇಲೆ ಕನ್ನಡಿಗರು ‘ಅವರುಗಳು’ ಎಂದಂತೆ.

ಉಳಿದವು ಯಾವುವು? ಮನುಷ್ಯ, ಹೆಂಗಸು, ಮಗು, ಕಾಲು, ಹಲ್ಲು, ಎತ್ತು, ಇಲಿ. ದಿನವೂ ನಾಲಗೆಯ ಮೇಲೆ ಆಡುವ ಮಾತಿಗೆ ಹೊಸ ನಿಯಮವು ಸುಲಭವಾಗಿ ತಾಗದು. ಕನ್ನಡದ ‘ಮಕ್ಕಳು’, ‘ಹೆಂಡಿರು’ ಎಂಬ ರೂಪಗಳೂ ಮನೆಯೊಳಗಿನ ಮಾತುಗಳೇ.

ಆದುದರಿಂದ ‘ಚೈಲ್ಡ್ಸ್’ ಎಂದ ಮಗುವನ್ನು ದಡ್ಡನೆಂದು ಗದರಿಸುವುದು ಸಲ್ಲದು. ನಿಯಮವನ್ನು ಅರಿತದ್ದರಿಂದಲೇ ಅದು ತಪ್ಪಿತು. ಆಂಗ್ಲರೂ ನೂರಾರು ಶಬ್ದಗಳನ್ನು ಇದೇ ದಾರಿಯಿಂದ ಸಮಗೊಳಿಸಿಕೊಂಡರು. ತಿದ್ದುವವರು ರೂಪದ ಜೊತೆಗೆ ಅದರ ಕಥೆಯನ್ನೂ ಹೇಳಿದರೆ ಬಾಯಿಪಾಠದ ಭಾರವು ಹಗುರಾಗುವುದು.